ದೊಡ್ಡತ್ತೆಗೆ ಗೊತ್ತಿದ್ದ ಊರು

ಸಿಡುಬು ದೊಡ್ಡತ್ತೆಯ ಎಡಗಣ್ಣನ್ನು ಒಯ್ದಿತ್ತು, ಬಲಗಣ್ಣಿನ ರೆಪ್ಪೆಯನ್ನು ಜೋಲುಬೀಳಿಸಿತ್ತು. ಸಣ್ಣದೇನಾದರೂ ನೋಡಬೇಕಾದರೆ ತೋರುಬೆರಳಿನಿಂದ ಆ ರೆಪ್ಪೆಯನ್ನು ಮೇಲೆತ್ತಿ ಹಿಡಿಯುತ್ತಿದ್ದರು. ನಾನು ಸೊಸೆಯಾಗಿ ಕಂಪ್ಲಿಗೆ ಬಂದ ದಿನ ನನ್ನ ಮುಖವನ್ನೂ ಹಾಗೆಯೇ ನೋಡಿ, "ಕಣ್ಣು ಚಂದ ಅದಾವ. ಬರೇ ಒಲಿ ನೋಡಾಕ ಹಚ್ಚಬ್ಯಾಡ ಅವನ್ನ" ಅಂದಿದ್ದರು.

ಅವರು ನನ್ನ ಮಾವನವರ ಅಕ್ಕ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಮಾವನವರದು ಅಕ್ಕಿ ವ್ಯಾಪಾರ. ಕಂಪ್ಲಿಯಿಂದ ಬಂಡಿಯಲ್ಲಿ ಹೊಸಪೇಟೆಗೆ, ಅಲ್ಲಿಂದ ರೈಲಿನಲ್ಲಿ ಮದರಾಸಿಗೆ ಹೋಗಿಬರುತ್ತಿದ್ದರು. ಒಮ್ಮೆ ಅಲ್ಲಿಂದ ಇಂಗ್ಲಿಷ್ ದೊರೆಯ ಪಟ್ಟಾಭಿಷೇಕದ ನೆನಪಿಗೆಂದು ಹೊರಡಿಸಿದ ಬೆಳ್ಳಿಯ ನಾಣ್ಯ ತಂದು ಅಕ್ಕನ ಕೈಗಿಟ್ಟರಂತೆ. ಅಕ್ಕ ರೆಪ್ಪೆ ಎತ್ತಿ ನೋಡಿ, "ಇದು ಬಂದ ಊರು ಹೆಂಗೈತಿ, ತೋರಸು" ಅಂದರಂತೆ. ಬಾಯಿಂದ ಹೇಳಿದ್ದು ಸಾಲಲಿಲ್ಲ. ಮುಂದಿನ ಸಲ ಮಾವನವರು, ಊರು ನೋಡಲು ಬಂದವರು ನೆನಪಿಗೆಂದು ಕೊಳ್ಳುವ ಬಣ್ಣದ ನಕ್ಷೆಯೊಂದನ್ನು ತಂದರು. ಕಡಲು, ಹಡಗು, ದೀಪಸ್ತಂಭ, ಬೀದಿಗಳು ಎಲ್ಲ ಅದರಲ್ಲಿದ್ದವು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ಮಾವನವರು ಯಾವ ಊರಿನಿಂದ ನೆನಪಿನ ನಾಣ್ಯ ತಂದರೂ ಅದಕ್ಕೆ ಆ ಊರಿನ ನಕ್ಷೆ ಜೋಡಿಯಾಗಬೇಕು. ಇಂಗ್ಲಿಷ್ ಹೆಸರುಗಳನ್ನು ತಮ್ಮನಿಂದ ಓದಿಸಿ ಬಾಯಿಪಾಠ ಮಾಡುವರು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ನಕ್ಷೆ ಹಾಸಿ, ಆ ಊರಿನ ನಾಣ್ಯವನ್ನು ಅದರ ಮೇಲೆ ಬೀದಿಯಿಂದ ಬೀದಿಗೆ ಸರಿಸುತ್ತ ಕೂಡುವರು.

ಹಂಪಿಯ ನಕ್ಷೆಯೊಂದೂ ಇತ್ತು. ಹಾಳುಗುಡಿಗಳನ್ನು ನೋಡಲು ಬಂದ ಬಿಳಿಯರೊಬ್ಬರು ಹೊಸಪೇಟೆಯಲ್ಲಿ ಮಾವನವರಿಗೆ ಕೊಟ್ಟದ್ದು. ಅದನ್ನು ನೋಡಿದಾಗಲೆಲ್ಲ ದೊಡ್ಡತ್ತೆಗೆ ಸಿಟ್ಟು. "ಕಲ್ಲಿನ ತೇರು ಬರದಾನ, ಆನಿ ಲಾಯ ಬರದಾನ. ಬಜಾರದಾಗ ಮಂದಿ ಒಲಿ ಹಚ್ಚಿಕೊಂಡು ಬಾಳೇವು ಮಾಡ್ತಾರಲ್ಲ, ಅವರೆಲ್ಲಿ? ಇವನ ಕಣ್ಣು ನನ್ನ ಕಣ್ಣಿಗಿಂತ ಕಡೀ ಅದಾವ!"

ನನ್ನ ಮದುವೆಯಾದ ಎರಡನೆಯ ವರ್ಷ ಮದರಾಸಿನಿಂದ ತಂತಿ ಬಂತು. ಅಕ್ಕಿ ಮಂಡಿಯ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ನನ್ನ ಗಂಡನಿಗೆ ವಿಷಮಜ್ವರ, ಆಸ್ಪತ್ರೆಗೆ ಸೇರಿಸಿದ್ದಾರೆ. ಮಾವನವರು ಕಾಲಿನ ಹುಣ್ಣಿನಿಂದ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಬೇರೆ ಗಂಡಸರಿಲ್ಲ. ನಾನೊಬ್ಬಳೇ ಹೋಗುತ್ತೇನೆಂದರೆ ಯಾರೂ ಒಪ್ಪಲಿಲ್ಲ.

ದೊಡ್ಡತ್ತೆ ಎದ್ದು ನಿಂತರು. "ನಾನು ಕರ್ಕೊಂಡು ಹೋಗ್ತೀನಿ."

"ಅಕ್ಕಾ, ನೀ ಹಂಪಿ ದಾಟಿದಾಕಿ ಅಲ್ಲ" ಅಂದರು ಮಾವನವರು.

"ಮದರಾಸು ನನಗ ಗೊತ್ತೈತಿ. ಬೀದಿ ಬೀದಿ ಗೊತ್ತೈತಿ. ಬಂಡಿ ಕಟ್ಟಸು."

ಮಾವನವರು ಬಂಡಿ ಕಟ್ಟಿಸಿದರು.

ಹೊಸಪೇಟೆಯಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ, ಮರುದಿನ ಮದರಾಸಿನಲ್ಲಿ ಇಳಿದೆವು. ನಿಲ್ದಾಣದ ಹೊರಗೆ ಕುದುರೆಗಾಡಿಗಳು, ಟ್ರಾಮಿನ ಗಂಟೆ, ತಿಳಿಯದ ಭಾಷೆ. ದೊಡ್ಡತ್ತೆ ಕಂಬದ ಬುಡದಲ್ಲಿ ಕೂತು ನಕ್ಷೆ ಬಿಚ್ಚಿ, ರೆಪ್ಪೆ ಎತ್ತಿ ಹಿಡಿದು ಹುಡುಕಿದರು. ದೀಪಸ್ತಂಭವಿತ್ತು, ಕೋಟೆಯಿತ್ತು, ಗಾಡಿಗಳ ಚಿತ್ರ ಕೂಡ ಇತ್ತು. ನಮಗೆ ಬೇಕಾದ ಆಸ್ಪತ್ರೆ ಇರಲಿಲ್ಲ. ನಕ್ಷೆಯನ್ನು ತಿರುಗಿಸಿ ಇನ್ನೊಮ್ಮೆ ಹುಡುಕಿದರು. ನನಗೆ ಅಳು ಬಂತು.

"ಅಳಬ್ಯಾಡ. ಇದರಾಗ ಇಲ್ಲ ಅಷ್ಟ. ಊರಾಗ ಐತಿ. ಕೇಳೋಣ ಬಾ" ಎಂದು ನಕ್ಷೆ ಮಡಚಿ ಸೆರಗಿನಲ್ಲಿಟ್ಟರು.

ಹೂ ಮಾರುತ್ತಿದ್ದ ಹೆಂಗಸೊಬ್ಬಳ ಮುಂದೆ ಕೂತು ತಮಗೆ ಬರುವ ತೆಲುಗಿನಲ್ಲಿ ಎಲ್ಲ ಹೇಳಿಕೊಂಡರು. ಆಕೆ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ನಮ್ಮನ್ನು ಗಾಡಿ ಹತ್ತಿಸಿ, ತಾನೂ ಹತ್ತಿ ಆಸ್ಪತ್ರೆಯ ಬಾಗಿಲವರೆಗೆ ಬಂದಳು.

ಜ್ವರ ಇಳಿಯಲು ವಾರಗಳೇ ಹಿಡಿದವು. ಹಗಲು ನಾನು ಮಂಚದ ಬಳಿ ಕೂತರೆ ದೊಡ್ಡತ್ತೆ ಊರು ತಿರುಗಿ ಗಂಜಿಗೆ ಅಕ್ಕಿ, ಮೋಸಂಬಿ ತರುತ್ತಿದ್ದರು. ನನ್ನ ಗಂಡ ಎದ್ದು ಕೂತ ದಿನ ದೊಡ್ಡತ್ತೆ ನನ್ನನ್ನು ಕಡಲಿಗೆ ಕರೆದೊಯ್ದರು. ತೆರೆ ಬಂದು ಪಾದ ತೊಳೆಯಿತು. ಬಹಳ ಹೊತ್ತು ರೆಪ್ಪೆ ಹಿಡಿದು ನಿಂತು, "ಇಂಥಾದ್ದನ್ನ ಒಂದು ಬಣ್ಣದಾಗ ಮುಗಿಸ್ಯಾನಲ್ಲ, ಪಾಪ" ಅಂದರು.

ಆಗ ಕೇಳಿದೆ. "ಊರು ಗೊತ್ತೈತಿ ಅಂದ್ರಲ್ಲ ಅತ್ತಿ, ಅಂಜಿಕಿ ಆಗಲಿಲ್ಲೇನ್ರಿ?"

"ಆತು. ರೈಲಿನಾಗ ಕಣ್ಣ ಮುಚ್ಚಲಿಲ್ಲ ನಾನು. ಗೊತ್ತಿಲ್ಲ ಅಂದಿದ್ರ ನಿನ್ನ ಯಾರು ಕಳಿಸ್ತಿದ್ರಲೇ?"

ಆಮೇಲೆ ಕೆಲವು ವರ್ಷ ಅವರು ಬದುಕಿದ್ದರು. ಬಿಳಿಯರ ದೊಡ್ಡ ಯುದ್ಧ ಶುರುವಾದ ಮೇಲೆ ನಾಣ್ಯವೂ ನಕ್ಷೆಯೂ ಬರುವುದು ನಿಂತಿತು. ಇದ್ದವನ್ನೇ ಹಾಸಿ ಓಣಿಯ ಹುಡುಗಿಯರನ್ನು ಸುತ್ತ ಕೂಡಿಸಿಕೊಳ್ಳುತ್ತಿದ್ದರು. ಒಂದು ಶ್ರಾವಣದಲ್ಲಿ ಎರಡೇ ದಿನ ಮಲಗಿ ಹೋಗಿಬಿಟ್ಟರು. ಅಂದು ಹೊಳೆ ತುಂಬಿತ್ತು. ಮಳೆಯಲ್ಲಿ ಕೆಸರು ತುಳಿಯುತ್ತ ಅವರನ್ನು ಮಣ್ಣು ಮಾಡಲು ಹೊಲಕ್ಕೆ ಒಯ್ಯುವಾಗ ಮುಂದಿನ ಬಲಗಡೆಯ ಹೆಗಲು ನನ್ನ ಗಂಡನದು. ಬೇರೆಯವರು ಬದಲಾದರೂ ಇವರು ಕೊನೆಯವರೆಗೂ ಹೆಗಲು ಬಿಡಲಿಲ್ಲ.