ಒಳ್ಳೆ ಹುಡುಗ ಅಂತ ಹೇಳದವಳು

ಆಲೆಟ್ಟಿಯಲ್ಲಿ ಈಗ ರುಖಿಯಮ್ಮನಿಗೆ ಒಂದು ಹೆಸರು ಬಿದ್ದಿದೆ, ಮದುವೆ ತಪ್ಪಿಸುವವಳು ಅಂತ. ಹಾಗೆ ಹೇಳುವವರ ಬಾಯಿಗೆ ಮಣ್ಣು ಬೀಳಲಿ. ನಾನು ಅಮ್ಮು, ಅವಳ ಪಕ್ಕದ ಮನೆಯ ಟೈಲರ್. ಆದದ್ದನ್ನು ಕಣ್ಣಾರೆ ಕಂಡವಳು ನಾನು, ನಾನು ಹೇಳ್ತೇನೆ ಕೇಳಿ.

ಗಂಡ ತೀರಿಹೋದ ಮೇಲೆ ಮದುವೆ ಮನೆಗಳಿಗೆ ಅಕ್ಕಿರೊಟ್ಟಿ ಮಾಡಿಕೊಟ್ಟು ಮಗಳನ್ನು ಸಾಕಿದ ಹೆಂಗಸು ಅವಳು. ಬಾಯಿ ಮಾತ್ರ ಜೋರು. ನಾನು ಹೊಲಿದ ರವಿಕೆ ಚಂದ ಆಗದಿದ್ದರೆ ಗಿರಾಕಿಗಳ ಎದುರೇ ಹೇಳ್ತಾಳೆ. ಎಷ್ಟೋ ಸಲ ಅವಳ ಹತ್ತಿರ ಮಾತು ಬಿಟ್ಟಿದ್ದೇನೆ. ಆದರೆ ನನ್ನ ಸಣ್ಣ ಮಗುವನ್ನು ಬಿಟ್ಟು ಹೋಗಬೇಕಾದಾಗೆಲ್ಲ ಬಿಟ್ಟದ್ದು ಅವಳ ಮನೆಯಲ್ಲೇ.

ನಮ್ಮ ಕಡೆ ಒಂದು ಸಂಬಂಧ ಬಂದರೆ ನೆರೆಕರೆಯಲ್ಲಿ ವಿಚಾರಿಸುವ ಕ್ರಮ ಉಂಟು. ಹುಡುಗ ಹೇಗೆ, ಮನೆಯವರು ಹೇಗೆ ಅಂತ ಕೇಳುದು. ಕೇಳಿದವರಿಗೆ ಎಲ್ಲರೂ ಹೇಳುದು ಒಂದೇ, "ಒಳ್ಳೆ ಹುಡುಗ." ಕುಡಿದು ಚರಂಡಿಯಲ್ಲಿ ಬಿದ್ದವನೂ ಒಳ್ಳೆ ಹುಡುಗನೇ. ನಮ್ಮ ಹಿಂದೂಗಳಲ್ಲೂ ಹಾಗೆ, ಅವರ ಮುಸ್ಲಿಮರಲ್ಲೂ ಹಾಗೆ. ಇನ್ನೊಬ್ಬರ ಮದುವೆಗೆ ಕಲ್ಲು ಹಾಕಿದ ಪಾಪ ನಮಗೆ ಯಾಕೆ ಅಂತ. ಆ ಹುಡುಗಿ ನಾಳೆ ಕಣ್ಣೀರು ಹಾಕಿದರೆ ಅದರ ಪಾಪ ಯಾರಿಗೆ ಅಂತ ಒಬ್ಬರೂ ಕೇಳುದಿಲ್ಲ. ನನಗೆ ಮೈ ಉರಿಯುದೇ ಇದಕ್ಕೆ.

ಕಲ್ಲುಗುಂಡಿಯಿಂದ ಝೈನಬ ಅಂತ ಒಬ್ಬರು ಮಗಳಿಗೆ ನೋಡಿದ ಹುಡುಗನ ಬಗ್ಗೆ ವಿಚಾರಿಸಲಿಕ್ಕೆ ಬಂದರು. ಹುಡುಗ ಜಾಸಿರ್, ರುಖಿಯಮ್ಮನ ಅಣ್ಣ ಅಬ್ಬಾಸರ ಮಗ. ಅದು ಗೊತ್ತಿಲ್ಲದೆ ಇವಳ ಜಗಲಿ ಹತ್ತಿದರು. ಇವಳು ಚಾ ಕೊಟ್ಟು ಎದುರು ಕೂತಳು.

"ನಾನು ಅವನ ಅತ್ತೆ. ಎತ್ತಿ ಆಡಿಸಿದವಳು. ಆದರೂ ಹೇಳ್ತೇನೆ. ಅವನಿಗೆ ಹೆಣ್ಣಿನ ಮೇಲೆ ಕೈ ಎತ್ತುವ ಬುದ್ಧಿ ಉಂಟು. ಮೊದಲಿನ ಹೆಂಡತಿ ಹೊಂದಾಣಿಕೆ ಆಗದೆ ಹೋದದ್ದಲ್ಲ, ಪೆಟ್ಟು ತಿಂದು ಹೋದದ್ದು. ಅವಳ ಬೆನ್ನಿಗೆ ಎಣ್ಣೆ ಹಚ್ಚಿದ್ದು ನಾನೇ."

ಝೈನಬ ಚಾ ಅರ್ಧಕ್ಕೆ ಬಿಟ್ಟು ಎದ್ದರು. ಆ ಸಂಬಂಧ ಅಲ್ಲಿಗೇ ನಿಂತಿತು.

ಮರುದಿನ ಅಬ್ಬಾಸ್ ಬಂದರು. ನಾನು ಹಸ್ನಾಳ ಮದುವೆ ಬಟ್ಟೆಗೆ ಅಳತೆ ತೆಗೀತಾ ಇದ್ದೆ. ಹಸ್ನಾ ಅಂದರೆ ರುಖಿಯಮ್ಮನ ಒಬ್ಬಳೇ ಮಗಳು. ಪುತ್ತೂರಿನ ಸಿನಾನ್ ಜೊತೆ ಅವಳಿಗೆ ನಿಶ್ಚಯ ಆಗಿತ್ತು.

"ನಿನಗೆ ರಕ್ತಸಂಬಂಧ ಅಂತ ಎಂತದೂ ಇಲ್ವಾ?" ಅಂತ ಅಬ್ಬಾಸ್ ಕೇಳಿದರು.

"ಉಂಟು. ಆದರೆ ಪೆಟ್ಟು ತಿನ್ನಲಿಕ್ಕೆ ಇದ್ದದ್ದು ಇನ್ನೊಬ್ಬರ ಮಗಳು," ಅಂದಳು ಇವಳು.

ಆಗ ಅವರು ತಣ್ಣಗೆ ಹೇಳಿದರು, "ಇಷ್ಟು ಸತ್ಯ ಹೇಳುವವಳು, ಹಸ್ನಾಳಿಗೆ ಫಿಟ್ಸ್ ಉಂಟು ಅಂತ ಸಿನಾನನ ಮನೆಯವರಿಗೆ ಹೇಳಿದ್ದೀಯಾ? ನೀನು ಹೇಳದಿದ್ದರೆ ನಾನು ಹೇಳ್ತೇನೆ."

ರುಖಿಯಮ್ಮ ಹೇಳಿರಲಿಲ್ಲ. ಎಷ್ಟು ಬಾಯಿ ಇದ್ದರೂ ಹೆತ್ತ ತಾಯಿಯಲ್ಲವಾ. ಆದರೂ ಫೋನ್ ತೆಗೆದು, ಅಣ್ಣನಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿ, ಸಿನಾನನ ತಾಯಿ ಅಲೀಮಮ್ಮನಿಗೆ ಮಾಡಿದಳು.

"ನನ್ನ ಮಗಳಿಗೆ ಸಣ್ಣದರಿಂದ ಫಿಟ್ಸ್ ಉಂಟು. ಮಾತ್ರೆ ತಿಂತಾಳೆ, ಈಗ ಹಿಡಿತದಲ್ಲಿ ಉಂಟು. ನಿಮ್ಮಿಂದ ಮುಚ್ಚಿಟ್ಟದ್ದು ನನ್ನ ತಪ್ಪು."

ಆಚೆಯಿಂದ ಅಲೀಮಮ್ಮ, "ಹಾಗಾದರೆ ನಮಗೆ ಈ ಸಂಬಂಧ ಬೇಡ ಮಾರಾಯ್ತಿ," ಅಂತ ಹೇಳಿ ಫೋನ್ ಇಟ್ಟರು.

ರುಖಿಯಮ್ಮ ಅಣ್ಣನ ಕಡೆ ತಿರುಗಿದಳು. "ಇನ್ನು ನನ್ನನ್ನು ಹೆದರಿಸಲಿಕ್ಕೆ ನಿನ್ನ ಹತ್ತಿರ ಎಂತ ಉಂಟು? ಜಾಸಿರನ ಬಗ್ಗೆ ನಾಳೆ ಯಾರು ಬಂದು ಕೇಳಿದರೂ ನಾನು ಹೇಳುದು ನಿನ್ನೆ ಹೇಳಿದ್ದನ್ನೇ." ಮತ್ತೆ ಹಸ್ನಾಳ ಕೈ ಹಿಡಿದಳು. "ಮಗಳೇ, ನಿನ್ನ ಮದುವೆ ನಾನೇ ಮುರಿದೆ," ಅಂತ ಅಲ್ಲೇ ಕೂತು ಅತ್ತಳು. ನನಗೂ ತಡೆಯಲಿಕ್ಕೆ ಆಗಲಿಲ್ಲ.

ಹಸ್ನಾ ಅಳಲಿಲ್ಲ. ಒಳಗೆ ಹೋಗಿ ಮಾತ್ರೆ ತಂದಳು. "ಉಮ್ಮ, ಆ ಮನೆಯಲ್ಲಿ ಇದನ್ನು ಎಲ್ಲಿ ಅಡಗಿಸಿ ಇಡುದು ಅಂತ ಯೋಚನೆ ಮಾಡಿ ಮಾಡಿ ನನಗೆ ನಿದ್ದೆಯೇ ಇರಲಿಲ್ಲ," ಅಂದಳು. ಮತ್ತೆ ಮಾಮನ ಎದುರೇ ನಿಂತು, ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದಳು.