ಮೆರಿನ್ ಸೋತ ಶನಿವಾರ

ಶಾಸಕ ಗ್ರೇಮ್ ಪ್ಯಾಸ್ಕೋ ಹೃದಯದ ತೊಂದರೆಯೆಂದು ಅವಧಿಯ ನಡುವೆಯೇ ರಾಜೀನಾಮೆ ಕೊಟ್ಟಾಗ, ಪಕ್ಷದವರು ರಾಜಧಾನಿ ಅಡಿಲೇಡ್‌ನಿಂದ ನೇರ ಮೆರಿನ್ ಟ್ರೆಲೋರ್ ಮನೆಗೆ ಬಂದರು. ಗ್ರೇಮ್ ಕಚೇರಿಯಲ್ಲಿ ಫೋನ್ ಎತ್ತುತ್ತಿದ್ದವಳು ಅವಳು. ಯಾರ ತಾಯಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದರೂ ನಮ್ಮೂರಿನವರು ಅವಳನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

“ಊರಿಗೆಲ್ಲ ನೀವು ಗೊತ್ತು. ಉಪಚುನಾವಣೆಗೆ ನಿಂತ್ರೆ ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ,” ಅಂದರು.

ಬಂದವರ ಮುಖ ನೋಡಿ ಇಲ್ಲವೆನ್ನಲಾಗದೆ ಮೆರಿನ್ ಒಪ್ಪಿಕೊಂಡುಬಿಟ್ಟಳು.

ಪಕ್ಕದ ಮನೆಯವಳಾದ ನಾನೂ ಅವಳ ಜೊತೆ ಪ್ರಚಾರಕ್ಕೆ ಹೋದೆ. ಬಾಗಿಲಲ್ಲಿ ನಿಂತು ಅವಳು ಮತ ಕೇಳಿದ್ದನ್ನು ನಾನಂತೂ ಕಾಣೆ. ಮಂಡಿನೋವು ಹೇಗಿದೆ ಎಂದು ಕೇಳುತ್ತಿದ್ದಳು. ಮೈಕ್ ಕಂಡರೆ ಮಾತ್ರ ಜೀವ ಹೋಗುತ್ತಿತ್ತು. ಒಮ್ಮೆ ಸಭಾಭವನದ ಹಿಂದೆ ವಾಂತಿ ಮಾಡಿಕೊಂಡು, “ಗೆದ್ರೆ ದಿನಾ ಇದೇ ಗತಿ ಕಣೇ ಬೆರಿಲ್,” ಎಂದು ನನ್ನ ಕೈ ಹಿಡಿದುಕೊಂಡಳು.

ಮತದಾನದ ಶನಿವಾರ ಶಾಲೆಯಂಗಳದಲ್ಲಿ ಮತದಾರರಿಗಾಗಿ ಸಾಸೇಜ್ ಸುಡುವ ಹೊಗೆ, ಉದ್ದನೆಯ ಸಾಲು. ಸಂಜೆ ಊರಿನವರು ಸೇರುವ ಬೌಲಿಂಗ್ ಕ್ಲಬ್ಬಿನಲ್ಲಿ ಎಲ್ಲರೂ ಟಿವಿ ಮುಂದೆ ಕೂತೆವು. ಮೊದಲ ಎಣಿಕೆಯಲ್ಲಿ ಮೆರಿನ್ ಮುಂದೆ! ಜನ ಮೇಜು ಕುಟ್ಟಿದರು. ಅವಳು ಮೆಲ್ಲನೆ ಕ್ಲಬ್ಬಿನ ಅಡುಗೆಮನೆಗೆ ಜಾರಿದಳು. ಹಿಂದೆಯೇ ಹೋದ ನಾನು ನೋಡಿದರೆ, ಒಣಗಿಸಿಟ್ಟ ಕಪ್ಪುಗಳನ್ನೇ ತೊಳೆಯುತ್ತಿದ್ದಾಳೆ.

“ತೊಳೆದಿದ್ದನ್ನೇ ಯಾಕೆ ತೊಳೀತಿದೀಯೆ?” ನನ್ನ ಹಿಂದೆ ಬಂದ ಅವಳ ಗಂಡ ಕಾಲಿನ್ ಕೇಳಿದ.

“ಗೆದ್ದುಬಿಡ್ತೀನೇನೋ ಕಾಲಿನ್!” ಅವಳು ಇನ್ನೊಂದು ಕಪ್ಪನ್ನು ನಲ್ಲಿಗೆ ಹಿಡಿದಳು.

ಅಷ್ಟರಲ್ಲಿ ಒಳನಾಡಿನ ಗೋಧಿಸೀಮೆಯ ಮತಗಳು ಬಂದವು. ಹೊರಗೆ ಗದ್ದಲ ಅಡಗಿತು. ಮೆರಿನ್ ಕೂದಲೆಳೆಯ ಅಂತರದಲ್ಲಿ ಸೋತಿದ್ದಳು. ಅವಳು ಸಿಂಕಿಗೆ ಒರಗಿ ಕಣ್ಣು ಮುಚ್ಚಿದಳು. ಬಿಗಿದಿದ್ದ ಹೆಗಲು ಸಡಿಲಗೊಂಡವು. ಆಮೇಲೆ ಹೊರಬಂದು, ಅಳುತ್ತಿದ್ದ ಕಾರ್ಯಕರ್ತರನ್ನು ತಾನೇ ತಬ್ಬಿ ಸಮಾಧಾನ ಮಾಡಿದಳು.

ಗೆದ್ದ ಲಾಕ್ಲನ್ ಪ್ರೂಸ್ ಕೈಕುಲುಕಲು ಬಂದ. “ತುಂಬ ಬೇಜಾರಾಯ್ತಾ, ಮಿಸೆಸ್ ಟ್ರೆಲೋರ್?”

“ಚೂರು ಆಯ್ತಪ್ಪ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಿನ್ನ ನೋಡಿದ್ರೆ ಅಯ್ಯೋ ಅನ್ಸತ್ತೆ. ಮೊದ್ಲು ಕೂತ್ಕೊಂಡು ಏನಾದ್ರೂ ತಿನ್ನು.”

ತಾನೂ ಮಾಂಸ, ಆಲೂಗಡ್ಡೆ ತುಂಬಿದ ಒಂದು ಬಿಸಿ ಪೇಸ್ಟಿ ತಿಂದಳು. ಮುಗಿಸಿ ಇನ್ನೊಂದಕ್ಕೆ ಕೈಹಾಕಿದಳು.

ಮನೆಗೆ ಹೊರಟಾಗ ಕಾರಿನ ಹಿಂದಿನ ಸೀಟಿನಲ್ಲಿ ನಾನಿದ್ದೆ. ಮೆರಿನ್ ಬೂಟು ಕಳಚಿ, ಗಾಜು ಇಳಿಸಿ, ಕಡಲಗಾಳಿಗೆ ಮುಖವೊಡ್ಡಿದಳು. ಇದ್ದಕ್ಕಿದ್ದಂತೆ ನಗು ಉಕ್ಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು; ನಾನೂ ನಕ್ಕೆ.

“ಸುಮ್ನಿರ್ರೇ,” ಅಂದ ಕಾಲಿನ್, ತಾನೂ ನಗುತ್ತಾ. “ನೋಡಿದೋರು ನಾವೇ ಗೆದ್ವಿ ಅಂದ್ಕೋತಾರೆ.”