ಭಾಲ್ಕಿಯ ಔಷಧಿ ಕಿಟಕಿ

ನಮ್ಮ ಬೀದರ್ ಸೀಮೆಯ ಜನ ಜ್ವರ ಬಂದರೆ ಊರಿಗೆಲ್ಲ ಡಂಗುರ ಸಾರುತ್ತಾರೆ, ಮನಸ್ಸಿಗೆ ಬೇನೆ ಬಂದರೆ ಮಾತ್ರ ತಾಲೂಕು ದಾಟುತ್ತಾರೆ. ಔರಾದದವರು ಭಾಲ್ಕಿಗೋ ಬೀದರಿಗೋ ಹೋಗಿ ತೋರಿಸಿಕೊಳ್ಳುತ್ತಾರೆ. ಭಾಲ್ಕಿಯವರು ಬೀದರಿಗೆ ಹೋಗುತ್ತಾರೆ. ಬೀದರಿನವರು ಎಲ್ಲಿಗೆ ಹೋಗುತ್ತಾರೋ, ಅದನ್ನವರು ಯಾರಿಗೂ ಹೇಳುವುದಿಲ್ಲ. ದವಾಖಾನೆಯವರು ಊರು ಕೇಳಿದರೆ ಚೀಟಿಯಲ್ಲಿ ಬೇರೆ ಊರಿನ ಹೆಸರು ಬರೆಸಬೇಕು. ಸಾಲಿನಲ್ಲಿ ಪರಿಚಯದವರು ಕಂಡರೆ ಗುರುತು ಹಿಡಿಯಬಾರದು.

ಔರಾದ ತಾಲೂಕಿನ ಚಿಂತಾಕಿಯ ಸಪನಾ ನರ್ಸಿಂಗ್ ಓದಿದವಳು. ತಮ್ಮ ಕಪಿಲ ಬೈಕ್ ಅಪಘಾತದಲ್ಲಿ ಹೋದ ಮೇಲೆ ಇದ್ದ ಕೆಲಸ ಬಿಟ್ಟು ಹಾಸಿಗೆ ಹಿಡಿದಳು. ತಲೆ ಬಾಚಿಕೊಳ್ಳುವುದಕ್ಕೂ ಕೈ ಏಳುತ್ತಿರಲಿಲ್ಲ. ಅವಳನ್ನು ಎಬ್ಬಿಸಿ, ಬಸ್ಸು ಹತ್ತಿಸಿ, ಬೀದರಿನ ಡಾಕ್ಟರ ಮುಂದೆ ಕೂರಿಸಿದವಳು ತಾಯಿ ಗಿರಿಜಾಬಾಯಿ. ಖಿನ್ನತೆ ಎಂದರು ಡಾಕ್ಟರು. ಅಂದಿನಿಂದ ಅವ್ವ ಎದುರಿಗೇ ಕೂತು ಗುಳಿಗೆ ನುಂಗಿಸಿದಳು. ಮಗ ಹೋದಾಗ ಈ ತಾಯಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕಲ್ಲು ಎಂದಿತು ಊರು. ಊರಿಗೇನು, ಅತ್ತಿದ್ದರೆ ನಾಟಕ ಎನ್ನುತ್ತಿತ್ತು. ಸಪನಾ ಕೂಡ ಅವ್ವನನ್ನು ಗಟ್ಟಿ ಹೆಂಗಸು ಎಂದೇ ನಂಬಿದ್ದಳು.

ಗುಳಿಗೆ ನಡೆದಿರುವಾಗಲೇ ಭಾಲ್ಕಿಯ ದವಾಖಾನೆಯೊಂದರಲ್ಲಿ ಅವಳಿಗೆ ಹೊಸ ನೌಕರಿ ಸಿಕ್ಕಿತು. ಖುಷಿಪಡಬೇಕಾದ ಅವ್ವ ಮುಖ ಸಣ್ಣದು ಮಾಡಿದಳು.

"ಭಾಲ್ಕಿ ಯಾಕವ್ವ? ಬೀದರದಾಗೇ ನೋಡಬೇಕಿತ್ತು."

"ಬಾಣಂತಿ ವಾರ್ಡು ಕೊಟ್ಟಾರವ್ವ. ಹಿಂದಿನ ಕಟ್ಟಡದಾಗ."

"ಹಿಂದಿನ ಕಟ್ಟಡದಾಗೇನು?" ಅವ್ವನ ಮುಖ ತುಸು ಅರಳಿತು. "ಹಂಗಾದರ ಹೋಗು. ಆದರ ಗುಳಿಗಿ ಮಾತು ಯಾರ ಮುಂದೂ ಎತ್ತಬ್ಯಾಡ. ಬಾಯಿ ಬಿಟ್ಟರ ಬಣ್ಣಗೇಡು. ಹುಚ್ಚು ನರ್ಸಿನ ಕೈಯಾಗ ಕೂಸು ಯಾರು ಕೊಡ್ತಾರ?"

ಆ ಮಾತು ಸಪನಾಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಭಾಲ್ಕಿಯಲ್ಲಿ ರೂಮು ಹಿಡಿದು ಕೆಲಸಕ್ಕೆ ಸೇರಿದಳು. ಗುಳಿಗೆಯಿಂದಾಗಿ ಬೆಳಗಿನ ಡ್ಯೂಟಿಯಲ್ಲಿ ಬಾಯಿ ಒಣಗುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಪ್ರತಿ ಇಂಜೆಕ್ಷನ್ನಿನ ಹೆಸರನ್ನು ಮತ್ತೆ ಮತ್ತೆ ಓದಿಯೇ ಕೊಡುತ್ತಿದ್ದಳು. ನಿಧಾನದ ಸಿಸ್ಟರ್ ಎಂದು ಜೊತೆಯವರು ನಕ್ಕರು, ಅವಳೂ ನಕ್ಕಳು. ಆದರೆ ಆಗತಾನೆ ಹುಟ್ಟಿದ ಕೂಸು ಅವಳ ಕೈಯಲ್ಲಿ ಕೂಗಿದಾಗ ತಾನೂ ಬದುಕಿದ್ದೇನೆ ಅನ್ನಿಸುತ್ತಿತ್ತು. ಈ ನೌಕರಿ ಹೋದರೆ ಮತ್ತೆ ಅದೇ ಹಾಸಿಗೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನಸ್ಸಿನ ಡಾಕ್ಟರು ಆ ದವಾಖಾನೆಗೆ ಬರುವುದು ಮಂಗಳವಾರ. ಅಂಥದೊಂದು ಮಂಗಳವಾರ ಮುಂದಿನ ಕಟ್ಟಡದ ಔಷಧಿ ಕಿಟಕಿಯಲ್ಲಿ ಗುಳಿಗೆ ಕೊಡುವ ಮಕ್ಬೂಲ ಒಬ್ಬನೇ ಇದ್ದ. ಸಾಲು ಬಾಗಿಲು ದಾಟಿತ್ತು. ಕೈಜೋಡಿಸಲು ಸಪನಾಳನ್ನು ಕಳಿಸಿದರು. ಚೀಟಿ ನೋಡಿ ಗುಳಿಗೆ ಕೊಡುತ್ತ ಕೊಡುತ್ತ ಒಂದು ಕೈ ಕಿಟಕಿಯೊಳಗೆ ಬಂತು. ಮಣಿಕಟ್ಟಿನ ಮೇಲೆ ಕಪಿಲನ ಹೆಸರಿನ ಹಚ್ಚೆ. ಸಪನಾ ತಲೆ ಎತ್ತಿದಳು. ಸೆರಗು ಹಣೆಯ ತನಕ ಎಳೆದುಕೊಂಡು ಅವ್ವ ನಿಂತಿದ್ದಳು.

ಅವ್ವಾ ಎನ್ನಹೋದವಳು ಸುತ್ತ ನೋಡಿದಳು. ಪಕ್ಕದಲ್ಲಿ ಮಕ್ಬೂಲ, ಎದುರಿಗೆ ಅಷ್ಟು ಜನ. ತಾಯಿಗೆ ಈ ಬೇನೆ ಎಂದರೆ ಮಗಳ ಬುಡಕ್ಕೂ ಬರುತ್ತದೆ.

"ಊಟ ಆದ ಮ್ಯಾಲ ಒಂದು ತಗೋರಿ," ಎಂದಳು ಸಪನಾ.

"ಆಗಲಿ ಸಿಸ್ಟರಬಾಯಿ," ಎಂದಳು ಅವ್ವ. ಗುಳಿಗೆ ಸೆರಗಿಗೆ ಕಟ್ಟಿಕೊಳ್ಳುತ್ತ ಕಿಟಕಿಯ ಮುಂದೆಯೇ ತುಸು ನಿಂತು, ಹೊರಟುಹೋದಳು.

"ಮನ್ನಳ್ಳಿಯವರು," ಎಂದ ಮಕ್ಬೂಲ, ಪಾಪ, ಚೀಟಿಯಲ್ಲಿ ಬರೆಸಿದ ಊರನ್ನೇ ನಂಬಿ, ಏನೂ ಅರಿಯದೆ. "ಮಗ ಸತ್ತಾಗಿನಿಂದ ಬರ್ತಾರ. ಮಗಳಿಗಿ ಗೊತ್ತಾಗಬಾರದಂತ. ಅಕಿ ಭಾಳ ನಾಜೂಕ, ಮತ್ತ ಬೀಳ್ತಾಳ ಅಂತಾರ."

ಸಪನಾ ಮುಂದಿನ ಚೀಟಿ ತೆಗೆದುಕೊಂಡಳು. ಅಕ್ಷರ ಕಾಣಿಸಲಿಲ್ಲ.

ಸಂಜೆ ಫೋನು ಮಾಡಿದರೆ ಅವ್ವ ದಿನವೆಲ್ಲ ಹೊಲದಲ್ಲಿದ್ದೆ ಎಂದಳು. ಮಗಳೂ ಹೂಂ ಎಂದಳು. ಇನ್ನು ತನಗೆ ಅಂಜಿ ಅವ್ವ ಭಾಲ್ಕಿಗೇ ಬರುವುದಿಲ್ಲ, ಗುಳಿಗೆ ಬಿಟ್ಟೇಬಿಡುತ್ತಾಳೆ ಎಂಬ ಚಿಂತೆ ಅವಳನ್ನು ತಿನ್ನತೊಡಗಿತು. ಮುಂದಿನ ತಿಂಗಳು ಅವ್ವನ ಗುಳಿಗೆ ಮುಗಿಯುವ ಮಂಗಳವಾರಕ್ಕೆ ರಜೆ ಹಾಕಿ, ಹಿಂದಿನ ದಿನವೇ ಬೇಕೆಂದೇ ಅವ್ವನ ಕಿವಿಗೆ ಹಾಕಿದಳು: "ನಾಳೆ ನಾ ದವಾಖಾನಿಗಿ ಹೋಗಂಗಿಲ್ಲವ್ವ. ರೂಮಿನಾಗೇ ಮಲಗಿರ್ತೇನಿ." ಈಗಲಾದರೂ ಅಂಜಿಕೆಯಿಲ್ಲದೆ ಬಂದು ಸಾಲಿನಲ್ಲಿ ನಿಲ್ಲಲಿ ಎಂಬ ಆಸೆ.

ಮಂಗಳವಾರ ಬೆಳಿಗ್ಗೆ ರೂಮಿನ ಬಾಗಿಲು ಬಡಿದ ಸದ್ದಾಯಿತು. ಬುತ್ತಿಗಂಟು ಹಿಡಿದು ಅವ್ವ ನಿಂತಿದ್ದಳು.

"ಮಲಗಿರ್ತೇನಿ ಅಂದೆಲ್ಲ, ಜೀವ ಹಾರಿಹೋತು. ಮತ್ತ ಹಾಸಿಗಿ ಹಿಡದಿ ಏನು ಅಂತ ಓಡಿ ಬಂದೆ."

ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಮಗಳು ಉಂಡಳು. ಆಮೇಲೆ ಅವ್ವ ಮಗಳ ತಲೆಗೆ ಎಣ್ಣೆ ಹಚ್ಚಲು ಕೂತಳು. ದವಾಖಾನೆಯ ಕಡೆ ಅವ್ವನ ಕಾಲು ಹೊರಡಲೇ ಇಲ್ಲ. ಕಿಟಕಿ ಮುಚ್ಚುವ ಹೊತ್ತು ಹತ್ತಿರವಾದಂತೆ ಸಪನಾಳಿಗೆ ತಡೆಯಲಾಗಲಿಲ್ಲ.

"ಅವ್ವಾ, ನಿನ್ನ ಗುಳಿಗಿ ಮುಗದಿರಬೇಕಲ್ಲ. ನಡಿ, ನಾನೂ ಬರ್ತೇನಿ. ಸಾಲಿನಾಗ ನಿನ್ನ ಸಂಗಾಟ ನಿಂದರ್ತೇನಿ."

ಎಣ್ಣೆ ಹಚ್ಚುತ್ತಿದ್ದ ಕೈ ನಿಂತಿತು.

"ಬ್ಯಾಡವ್ವ. ಅವತ್ತ ನಿನ್ನ ನೌಕರಿಗಿ ಕುತ್ತು ಬರಬಾರದಂತ ಸಿಸ್ಟರಬಾಯಿ ಅಂದೆ. ನಾನೇ ಬಾಯಿ ಬಿಡಬ್ಯಾಡ ಅಂತ ಕಲಿಸಿದಾಕಿ, ಖರೆ. ಆದರೂ ನೀ ಒಮ್ಮೆ ಅವ್ವಾ ಅಂತಿ ಅಂತ ಕಿಟಕಿ ಮುಂದ ಕಾದೆ." ಅವ್ವನ ದನಿ ಒಡೆಯಿತು. "ಕಪಿಲ ಹೋದಾಗ ಬರಲಾರದ ಅಳು, ಅವತ್ತ ಬಸ್ಸಿನಾಗ ಬಂತವ್ವ."